ಕನ್ನಡ ಸಾಲಿಯ ಇಂಗ್ಲಿಷ್ ತಾಸು

ಮಳೆಗಾಲದ ಮುಂಜಾನೆ. ಘಟ್ಟದಲ್ಲಿ ಹುಯ್ದ ಮಳೆಗೆ ಘಟಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರು ತೂಗುಸೇತುವೆಯ ಕಡೆ ನಿಂತವರ ಮುಖ ತೋಯಿಸುತ್ತದೆ. ಈಚೆಗೆ ಊರೊಳಗೆ ಕರದಂಟಿನ ಅಂಗಡಿಗಳು ಇನ್ನೂ ಅರ್ಧ ಬಾಗಿಲು ತೆರೆದಿವೆ. ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡ ಹಳದಿ ವ್ಯಾನುಗಳು ಕೆಸರು ಹಾರಿಸುತ್ತ ಓಡುತ್ತವೆ. ಆ ಕೆಸರಿನಿಂದ ತಪ್ಪಿಸಿಕೊಳ್ಳಲು ರಸ್ತೆಯ ಅಂಚಿಗೆ ಸರಿದು, ಪಾಟೀಚೀಲ ತಲೆಯ ಮೇಲೆ ಹೊತ್ತು ನಡೆಯುವವರು ಕನ್ನಡ ಸಾಲಿಯ ಮಕ್ಕಳು. ಈ ಸೀಮೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಇವತ್ತಿಗೂ ಕನ್ನಡ ಸಾಲಿ ಎಂದೇ ಹೆಸರು.

ವ್ಯಾನಿನವರಿಗೆ ಇಂಗ್ಲಿಷ್ ಇದೆ, ನಡೆಯುವವರಿಗೆ ಇಲ್ಲ ಎಂದು ಊರು ತೀರ್ಮಾನಿಸಿಬಿಟ್ಟಿದೆ. ಆದರೆ ಇಂಗ್ಲಿಷ್ ಕನ್ನಡ ಸಾಲಿಗೂ ಬಂದು ಬಹಳ ವರ್ಷವಾಯಿತು. 2007-08ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ಪಠ್ಯಪುಸ್ತಕ ಒಂದೇ, ವೇಳಾಪಟ್ಟಿ ಒಂದೇ. ಕೋಣೆಯ ಬಾಗಿಲು ಮುಂದೆ ಮಾಡಿದ ಮೇಲೆ ಒಳಗೆ ನಡೆಯುವುದು ಮಾತ್ರ ಒಂದೊಂದು ಕಡೆ ಒಂದೊಂದು ತೆರ.

ಗೋಕಾಕದ ಒಂದು ಶಾಲೆಯ ನಲಿ-ಕಲಿ ಕೋಣೆ. ತಲೆಯ ಮೇಲೆ ಸುತಳಿಯ ಚಪ್ಪರ. ಅದಕ್ಕೆ ಜೋತುಬಿದ್ದ ಮಕ್ಕಳ ಚಿತ್ರಗಳು ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತವೆ. ನೆಲದ ಮೇಲೆ ವೃತ್ತಾಕಾರದ ತಟ್ಟೆಗಳು, ಒಂದೊಂದರ ಸುತ್ತ ಐದಾರು ಮಕ್ಕಳು. ಅಕ್ಕೋರು ನಡುವೆ ನಿಂತು ತಮ್ಮ ಮೂಗು ಮುಟ್ಟಿಕೊಂಡು ‘ಟಚ್ ಯುವರ್ ನೋಸ್’ ಎನ್ನುತ್ತಾರೆ. ಎಲ್ಲರ ಕೈ ಮೂಗಿಗೆ. ‘ಟಚ್ ಯುವರ್ ಇಯರ್ಸ್.’ ಎಲ್ಲರ ಕೈ ಕಿವಿಗೆ. ಮುಂದಿನ ಸಲ ಅಕ್ಕೋರು ಬೇಕಂತಲೇ ಬಾಯಲ್ಲಿ ‘ನೀ’ ಎಂದು ಕೈಯಲ್ಲಿ ತಲೆ ಮುಟ್ಟಿಕೊಳ್ಳುತ್ತಾರೆ. ಕಣ್ಣಿನಿಂದ ನೋಡಿ ನಕಲು ಮಾಡುತ್ತಿದ್ದವರೆಲ್ಲ ತಲೆ ಮುಟ್ಟಿಕೊಂಡರು. ಕಿವಿಯಿಂದ ಕೇಳಿದ ಇಬ್ಬರು ಮಾತ್ರ ಮೊಣಕಾಲು ಹಿಡಿದರು. ‘ಅಕ್ಕೋರ, ಇವ್ರು ತಪ್ಪ ಮಾಡಿದ್ರಿ!’ ಎಂದು ಉಳಿದವರ ಕೂಗು. ‘ಯಾರದ್ ತಪ್ಪ? ಇನ್ನೊಮ್ಮೆ ಕೇಳ್ರಿ ನೋಡೂಣು.’ ಕೋಣೆ ಒಮ್ಮೆಲೆ ಕಿವಿಯಾಗುತ್ತದೆ.

ಇದನ್ನು ಆಟ ಎಂದು ತಳ್ಳಿಹಾಕುವವರಿದ್ದಾರೆ. 1960ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಆಶರ್ ಇದನ್ನೇ ಒಂದು ಬೋಧನಾ ವಿಧಾನವಾಗಿ ಬೆಳೆಸಿದರು. ಕೂಸು ಮಾತು ಕಲಿಯುವಾಗ ಮೊದಲು ಆಡುವುದಿಲ್ಲ, ಮೊದಲು ಕೇಳುತ್ತದೆ, ಕೇಳಿದ್ದಕ್ಕೆ ಮೈಯಿಂದ ಉತ್ತರ ಕೊಡುತ್ತದೆ; ಎರಡನೆಯ ಭಾಷೆಯೂ ಹಾಗೇ ಬರಲಿ ಎನ್ನುವುದು ಅವರ ಲೆಕ್ಕ. ನಮ್ಮ ತೊಟ್ಟಿಲಿನ ಅವ್ವಂದಿರಿಗೆ ಇದು ಹೊಸದಲ್ಲ. ‘ಬಾ’, ‘ಕುಂದ್ರು’, ‘ಕೊಡು’ ಎಂದಾಗ ಕೂಸು ಬಂದು, ಕುಳಿತು, ಕೊಟ್ಟು ಎಷ್ಟೋ ತಿಂಗಳಾದ ಮೇಲೆ ತಾನೇ ಆ ಮಾತು ಅನ್ನುತ್ತದೆ. ಆ ತಿಂಗಳುಗಳಲ್ಲಿ ಯಾವ ತಾಯಿಯೂ ಕೂಸಿಗೆ ಪರೀಕ್ಷೆ ಇಡುವುದಿಲ್ಲ.

ಶಾಲೆ ಇಡುತ್ತದೆ. ಆ ಕೋಣೆಯ ಮೂಲೆಯ ತಟ್ಟೆಯಲ್ಲಿ ಜೂನಿನಿಂದ ಇಂಗ್ಲಿಷಿನ ಒಂದು ಪದವನ್ನೂ ಆಡದ ಹುಡುಗಿಯೊಬ್ಬಳಿದ್ದಳು. ಮೂಗು ಮುಟ್ಟು ಎಂದರೆ ಮುಟ್ಟುತ್ತಾಳೆ, ಕೆಂಪು ಕಾರ್ಡು ಎತ್ತು ಎಂದರೆ ಎತ್ತುತ್ತಾಳೆ, ‘ವಾಟ್ ಕಲರ್?’ ಎಂದರೆ ತುಟಿ ಹೊಲಿದುಕೊಳ್ಳುತ್ತಾಳೆ. ‘ಆಕಿಗಿ ಬರತೈತ್ರಿ. ಬಾಯಿಗಿ ಬರಲಿಕ್ಕೆ ಇನ್ನೂ ತಡಾ ಐತಿ,’ ಎಂದರು ಅಕ್ಕೋರು. ಭಾಷಾ ಕಲಿಕೆಯ ಪುಸ್ತಕಗಳು ಇದಕ್ಕೆ ಮೌನದ ಅವಧಿ ಎನ್ನುತ್ತವೆ. ಅಕ್ಕೋರು ಆ ಪುಸ್ತಕ ಓದಿದ್ದರೋ ಇಲ್ಲವೋ, ಅವಳನ್ನು ಎಬ್ಬಿಸಿ ನಿಲ್ಲಿಸಿ ಬಾಯಿ ಬಿಡಿಸಲು ಹೋಗಲಿಲ್ಲ. ಬದಲಿಗೆ ಅವಳಿಗೆ ಕಾರ್ಡು ಹಂಚುವ ಕೆಲಸ ಕೊಟ್ಟಿದ್ದರು. ಹಂಚುವವಳಿಗೆ ಎಲ್ಲರೂ ‘ಗಿವ್ ಮೀ ರೆಡ್’, ‘ಗಿವ್ ಮೀ ಬ್ಲೂ’ ಎಂದು ಕೇಳಲೇಬೇಕು. ಅವಳು ಬಾಯಿ ಬಿಡದೆ ಇಡೀ ತಾಸು ಇಂಗ್ಲಿಷನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಈ ಒಂದು ಉಪಾಯಕ್ಕೆ ಆ ಅಕ್ಕೋರಿಗೆ ನೂರಕ್ಕೆ ನೂರು ಅಂಕ ಕೊಡಬೇಕು.

ಅದೇ ಓಣಿಯ ಇನ್ನೊಂದು ಶಾಲೆಯ ನಾಲ್ಕನೆಯ ತರಗತಿ. ಇಲ್ಲಿ ಗದ್ದಲ ಹೆಚ್ಚು. ‘ಎಲಿಫೆಂಟ್ ಅಂದ್ರ?’ ಎಂದು ಸರ್. ‘ಆನಿ!’ ಎಂದು ನಲವತ್ತು ಬಾಯಿ. ‘ಫಾರೆಸ್ಟ್ ಅಂದ್ರ?’ ‘ಅಡವಿ!’ ‘ದಿ ಎಲಿಫೆಂಟ್ ಲಿವ್ಸ್ ಇನ್ ದಿ ಫಾರೆಸ್ಟ್ ಅಂದ್ರ?’ ಇಲ್ಲಿ ಹತ್ತು ಬಾಯಿ ಮಾತ್ರ. ಉಳಿದವು ಹತ್ತರ ಹಿಂದೆ ಎಳೆದುಕೊಂಡು ಹೋಗುತ್ತವೆ. ಸರ್ ಒಳ್ಳೆಯವರು, ದುಡಿಯುವವರು, ಸಿಟ್ಟಿನವರಲ್ಲ. ಆದರೂ ತಾಸು ಮುಗಿಯುವ ಹೊತ್ತಿಗೆ ಮಕ್ಕಳ ಕಿವಿಗೆ ಬಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರತಿ ಸಾಲಿನ ಬೆನ್ನಿಗೇ ಕನ್ನಡ ಬರುತ್ತದೆಂದು ಮಕ್ಕಳಿಗೆ ಗೊತ್ತು, ಹಾಗಾಗಿ ಇಂಗ್ಲಿಷ್ ಸಾಲಿಗೆ ಕಿವಿ ಕೊಡುವ ಅಗತ್ಯವೇ ಇಲ್ಲ. ಇನ್ನು ಕೆಲವು ಖಾಸಗಿ ಶಾಲೆಗಳಲ್ಲಿ ಇದರ ಉಲ್ಟಾ: ಕನ್ನಡ ಆಡಿದರೆ ದಂಡ, ಕೊರಳಿಗೆ ಬೋರ್ಡು. ಮಕ್ಕಳು ಇಂಗ್ಲಿಷನ್ನೂ ಆಡುವುದಿಲ್ಲ, ಕನ್ನಡವನ್ನೂ ಆಡುವುದಿಲ್ಲ, ಸುಮ್ಮನೆ ಕೂರುವುದನ್ನು ಕಲಿಯುತ್ತಾರೆ. ಈ ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲನೆಯದರಲ್ಲಿ ಮಗುವಿಗೆ ಆನೆಯ ಕಥೆಯಾದರೂ ತಿಳಿಯುತ್ತದೆ.

ಇಂಗ್ಲಿಷ್ ತಾಸಿನಲ್ಲಿ ಕನ್ನಡ ಎಷ್ಟಿರಬೇಕು ಎನ್ನುವುದು ಹಾಲಿಗೆ ಹೆಪ್ಪು ಹಾಕುವ ಲೆಕ್ಕ. ಹಾಕದಿದ್ದರೆ ಹಾಲು ಹಾಲಾಗಿಯೇ ಕೆಡುತ್ತದೆ, ಬೊಗಸೆಗಟ್ಟಲೆ ಸುರಿದರೆ ಹುಳಿಯಾಗುತ್ತದೆ. ಅಳತೆ ಕೈಗೆ ಗೊತ್ತಿರಬೇಕು.

ಆ ಅಳತೆ ಬಲ್ಲ ಕೈಯೊಂದನ್ನು ಗೋಕಾಕದಲ್ಲೇ ಕಂಡೆ. ಆರನೆಯ ತರಗತಿ. ಸರ್ ಹಲಗೆಯ ಮೇಲೆ ಒಂದು ಬಸ್ ವೇಳಾಪಟ್ಟಿ ಬರೆದಿದ್ದರು. ವೇಳೆಗಳು ಅವರೇ ಕಟ್ಟಿದ್ದು, ಊರುಗಳು ಮಾತ್ರ ನಿಜದವು: ಗೋಕಾಕ, ಘಟಪ್ರಭಾ, ಹುಕ್ಕೇರಿ, ಸಂಕೇಶ್ವರ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಮಸ್ಯೆ. ಅಜ್ಜಿ ಗೋಕಾಕದಲ್ಲಿ 8:15ರ ಬಸ್ಸು ಹತ್ತಿದ್ದಾಳೆ, ಹುಕ್ಕೇರಿಯಲ್ಲಿ ಇಳಿದು ಅಲ್ಲಿಂದ ಸಂಕೇಶ್ವರದ ಬಸ್ಸು ಹಿಡಿಯಬೇಕು. 10 ಗಂಟೆಗೆ ಮೊದಲು ಸಂಕೇಶ್ವರ ಮುಟ್ಟುತ್ತಾಳೆಯೇ? ಮೊದಲ ಲೆಕ್ಕವನ್ನು ಸರ್ ಎಲ್ಲರೊಡನೆ ಮಾತಾಡುತ್ತ ಬಿಡಿಸಿದರು: ‘ವೆನ್ ಡಸ್ ದಿ ಬಸ್ ಲೀವ್? ವೆನ್ ಡಸ್ ಇಟ್ ರೀಚ್? ಹೌ ಲಾಂಗ್ ಡಸ್ ಶೀ ವೇಟ್?’ ಅದೇ ಅಜ್ಜಿಯ ಎರಡನೆಯ ಲೆಕ್ಕವನ್ನು ಮಕ್ಕಳೇ ಬಿಡಿಸಬೇಕು. ಹಿಂದಿನ ಬೆಂಚಿನಲ್ಲಿ ಪಿಸುಪಿಸು ಕನ್ನಡ: ‘ಲೇ, ಹುಕ್ಕೇರ್ಯಾಗ ಬಸ್ ತಪ್ಪತೈತಲೇ ಆಯಿಗಿ.’ ಎದ್ದು ನಿಂತವನ ಉತ್ತರ ಇಂಗ್ಲಿಷಿನಲ್ಲಿ: ‘ಸರ್, ನೋ ರೀಚ್. ಬಸ್ ಗೋ. ಶೀ ವೇಟ್.’

ವ್ಯಾಕರಣ ನೋಡಿದರೆ ಮೂರು ವಾಕ್ಯಕ್ಕೂ ಕೆಂಪು ಗೀಟು. ಸರ್ ಗೀಟು ಹಾಕಲಿಲ್ಲ. ‘ಓ, ದಿ ಬಸ್ ಹ್ಯಾಸ್ ಗಾನ್! ಸೋ ಶೀ ಹ್ಯಾಸ್ ಟು ವೇಟ್. ಹೌ ಲಾಂಗ್?’ ಎಂದು ಅವನ ಮಾತನ್ನೇ ಸರಿಯಾಗಿ ಆಡಿ ತಿರುಗಿ ಅವನಿಗೇ ಕೊಟ್ಟರು. ಹುಡುಗ, ‘ಫಾರ್ಟಿ ಮಿನಿಟ್ಸ್, ಸರ್. ಶೀ ಹ್ಯಾಸ್ ಟು ವೇಟ್,’ ಎಂದ. ತಿದ್ದಿದ್ದು ಅವನಿಗೆ ಗೊತ್ತಾಗಲೇ ಇಲ್ಲ, ತಿದ್ದುಪಡಿ ಮಾತ್ರ ಬಾಯಿಗೆ ಬಂತು.

ಈ ಬಗೆಯ ಪಾಠ ವಿದೇಶದಿಂದ ಬಂದ ಫ್ಯಾಷನ್ ಎಂದು ಕೆಲವರು ತಿಳಿದಿದ್ದಾರೆ. ಹುಟ್ಟಿದ್ದು ದಕ್ಷಿಣ ಭಾರತದಲ್ಲೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದರ ಕೇಂದ್ರ. ವ್ಯಾಕರಣದ ಪಟ್ಟಿ ಬದಿಗಿಟ್ಟು, ರೈಲು ವೇಳಾಪಟ್ಟಿ, ನಕ್ಷೆ, ದರಪಟ್ಟಿ ಮುಂದಿಟ್ಟು ಮಕ್ಕಳಿಗೆ ತಲೆ ಕೆಡಿಸಿಕೊಳ್ಳುವಂಥ ಸಮಸ್ಯೆ ಕೊಡುವುದು, ಗಮನ ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಕೂರುತ್ತದೆ ಎನ್ನುವುದು ಅದರ ನಂಬಿಕೆ. 1987ರಲ್ಲಿ ಪ್ರಭು ಅದರ ಬಗ್ಗೆ ಬರೆದ ಪುಸ್ತಕವನ್ನು ಜಗತ್ತಿನ ಭಾಷಾ ಶಿಕ್ಷಕರು ಇಂದಿಗೂ ಓದುತ್ತಾರೆ, ಆ ಪ್ರಯೋಗವನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಲಂಡನ್ನಿನ ಶಿಕ್ಷಕ ತರಬೇತಿಯಲ್ಲಿ ಬೆಂಗಳೂರಿನ ಹೆಸರು ಬರುವಾಗ ಗೋಕಾಕದ ಶಿಕ್ಷಕರಿಗೆ ಅದು ಹೊಸ ಸುದ್ದಿಯಾಗಬಾರದಿತ್ತು.

ಗೋಕಾಕದಿಂದ ಮೂಡಲಗಿಯ ಕಡೆ ಹೊರಟರೆ ದಾರಿಯುದ್ದಕ್ಕೂ ಕಬ್ಬು. ಎರಡೂ ಬದಿ ಆಳುದ್ದ ಬೆಳೆದು ನಿಂತ ಹಸಿರು, ನಡುವೆ ಎದುರಿನಿಂದ ಬರುವ ಟ್ರ್ಯಾಕ್ಟರಿನ ಹಾಡು ಮಾತ್ರ ಕೇಳುತ್ತದೆ, ಟ್ರ್ಯಾಕ್ಟರು ತಿರುವಿನಲ್ಲಿ ಕಾಣುತ್ತದೆ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಶಿವಬೋಧರಂಗನ ಮಠದ ಊರಿದು. ಅರಭಾವಿಯ ತೋಟಗಾರಿಕೆ ಕಾಲೇಜು, ಆಚೆ ಕೌಜಲಗಿ, ಕಲ್ಲೋಳಿ, ಎಲ್ಲ ನೀರು ಕಂಡ ನೆಲ. ಸುಗ್ಗಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಜೋಪಡಿಗಳು ಹೊಲದ ಅಂಚಿಗೆ ಏಳುತ್ತವೆ. ಅವರ ಮಕ್ಕಳು ಕೆಲವು ವಾರ ಹತ್ತಿರದ ಶಾಲೆಗೆ ಬರುತ್ತಾರೆ, ಕೆಲವರು ಬರುವುದೇ ಇಲ್ಲ.

ಇಲ್ಲಿಯ ಒಂದು ಹಳ್ಳಿಶಾಲೆಯ ಐದನೆಯ ತರಗತಿಯಲ್ಲಿ ಪಠ್ಯಪುಸ್ತಕ ಮುಚ್ಚಿ ಇಟ್ಟಿದ್ದರು. ಅಂದಿನ ಪಾಠ ಬೆಲ್ಲ. ಹಿಂದಿನ ದಿನ ಮಕ್ಕಳನ್ನು ಊರಾಚೆಯ ಗಾಣಕ್ಕೆ ಕರೆದೊಯ್ದಿದ್ದ ಅಕ್ಕೋರು ಮೊದಲ ಹತ್ತು ನಿಮಿಷ ಬರೀ ಕನ್ನಡದಲ್ಲಿ ಮಾತಾಡಲು ಬಿಟ್ಟರು. ಮಾತು ನೆರೆಯಾಗಿ ಬಂತು. ಕಬ್ಬಿನ ಗಣಿಕೆ, ರವದಿ, ಗಾಣಕ್ಕೆ ಕೊಡುವ ರೀತಿ, ಹಾಲು ಕುದಿಯುವಾಗ ಬರುವ ಬುರುಗು, ಅದನ್ನು ತೆಗೆಯಲು ಹಾಕುವ ಬೆಂಡೆಯ ಲೋಳೆ, ಕಡಾಯಿಯಿಂದ ಇಳಿಸುವ ಹದ, ಬಿಸಿ ಬೆಲ್ಲ ನಾಲಿಗೆಗೆ ಹಾಕಿಕೊಂಡು ಸುಟ್ಟುಕೊಂಡವನ ಕಥೆ. ಎಂದೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು, ‘ಅಕ್ಕೋರ, ನಮ್ಮಪ್ಪನೇ ಅಲ್ಲಿ ಹದಾ ನೋಡಾಂವ್ರಿ. ಬಟ್ಟಲದಾಗಿನ ನೀರಾಗ ಹನಿ ಬಿಟ್ಟು ನೋಡತಾನ್ರಿ, ಗಟ್ಟಿ ಆತಂದ್ರ ಇಳಸೂದ್ರಿ,’ ಎಂದ. ತರಗತಿಯಲ್ಲಿ ಅಂದು ಅವನೇ ಪಂಡಿತ.

ಆಮೇಲೆ ಅಕ್ಕೋರು ಹಲಗೆಯ ಕಡೆ ತಿರುಗಿದರು. ‘ಈಗ ಇದನ್ನ ಇಂಗ್ಲಿಷಿನ್ಯಾಗ ಬರಿಯೂಣು. ಮೊದಲ ಏನ್ ಮಾಡತಾರ?’ ‘ಕಬ್ಬ ಕಡೀತಾರ್ರಿ.’ ‘ದೇ... ಕಟ್...?’ ‘ಕಬ್ಬ!’ ‘ಕಬ್ಬಿಗೆ ಶುಗರ್‌ಕೇನ್.’ ಹಲಗೆಯ ಮೇಲೆ ವಾಕ್ಯ ಬಿತ್ತು: ದೇ ಕಟ್ ದಿ ಶುಗರ್‌ಕೇನ್. ದೇ ಕ್ರಷ್ ಇಟ್. ದೇ ಬಾಯಿಲ್ ದಿ ಜ್ಯೂಸ್. ಐದಾರು ವಾಕ್ಯ, ಎಲ್ಲ ಮಕ್ಕಳದೇ ಅನುಭವ, ಇಂಗ್ಲಿಷ್ ಮಾತ್ರ ಅಕ್ಕೋರದು. ಓದಲು ಹೇಳಿದಾಗ ಅಕ್ಷರ ಪೂರ್ತಿ ಬಾರದವರೂ ಓದಿದರು, ಏಕೆಂದರೆ ಮುಂದಿನ ವಾಕ್ಯದಲ್ಲಿ ಏನಿದೆಯೆಂದು ಅವರಿಗೆ ಮೊದಲೇ ಗೊತ್ತು. ಕೊನೆಗೆ ಅದೇ ವಾಕ್ಯಗಳನ್ನು ಚೀಟಿಗಳಾಗಿ ಕತ್ತರಿಸಿ ಕಲಸಿ ಕೊಟ್ಟು, ಸಾಲಾಗಿ ಜೋಡಿಸಿ ಎಂದರು. ಒಂದು ಗುಂಪು ಕುದಿಸಿದ ಮೇಲೆ ಕಡಿದಿತ್ತು. ಹದ ನೋಡುವವನ ಮಗ ಅವರ ಕಡೆ ನೋಡಿದ ನೋಟ ನೋಡುವಂತಿತ್ತು.

ಪುಸ್ತಕದ ಪಾಠದಲ್ಲಿ ಮಗುವಿಗೆ ಎರಡು ಭಾರ: ವಿಷಯವೂ ಹೊಸದು, ಭಾಷೆಯೂ ಹೊಸದು. ಬೆಲ್ಲದ ಪಾಠದಲ್ಲಿ ಒಂದೇ ಭಾರ. ವಿಷಯ ತಲೆಯೊಳಗೆ ಕನ್ನಡದಲ್ಲಿ ಗಟ್ಟಿಯಾಗಿ ಕೂತಿದ್ದರೆ ಇಂಗ್ಲಿಷ್ ಪದ ಅದರ ಮೇಲೆ ಬಂದು ಕೂರಲು ಜಾಗ ಸಿಗುತ್ತದೆ. ಕೆನಡಾದ ಜಿಮ್ ಕಮಿನ್ಸ್ ದಶಕಗಳ ಕಾಲ ವಲಸೆ ಮಕ್ಕಳನ್ನು ಮುಂದಿಟ್ಟುಕೊಂಡು ವಾದಿಸಿದ್ದೂ ಇದನ್ನೇ: ಮೊದಲ ಭಾಷೆಯಲ್ಲಿ ಬಲಿತ ಓದು, ವಿಚಾರ ಎರಡನೆಯ ಭಾಷೆಗೂ ದಾಟಿಬರುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟು ಅರ್ಧಂಬರ್ಧ ಇಂಗ್ಲಿಷ್ ಆಡಿಸುವ ತಾಯಿತಂದೆಯರು ಮಗುವಿಗೆ ದಾಟಿಸಲು ಏನನ್ನೂ ಉಳಿಸುವುದಿಲ್ಲ.

ಊಟದ ಬಿಡುವಿನಲ್ಲಿ ಅಕ್ಕೋರು ತಮ್ಮ ಸಂಕಟ ಹೇಳಿಕೊಂಡರು. ಎರಡು ತರಗತಿ ಒಂದೇ ಕೋಣೆಯಲ್ಲಿ, ಅನ್ನದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ. ‘ಇಂಗ್ಲಿಷ್ ತಾಸಂದ್ರ ನಮಗೂ ಎದಿ ಢವಢವ ಅಂತೈತ್ರಿ. ನಾವೂ ಕನ್ನಡ ಸಾಲ್ಯಾಗ ಕಲತವರು. ತಪ್ಪ ಮಾತಾಡಿದ್ರ ಮಕ್ಕಳ ಮುಂದ ಮರ್ಯಾದಿ ಹೋಗತೈತಿ ಅಂತ ಮೊದಲ ಮೊದಲ ಬರೇ ಪುಸ್ತಕಾ ಓದಿಸ್ತಿದ್ದೆ.’ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನಗಳ ತರಬೇತಿಗೆ ಹೋಗಿ ಬಂದವರನ್ನು ಕೇಳಿದರೆ, ಅಲ್ಲಿ ಕಲಿತದ್ದಕ್ಕಿಂತ ಬಾಯಿ ತೆರೆಯುವ ಧೈರ್ಯ ಬಂದದ್ದೇ ದೊಡ್ಡದು ಎನ್ನುತ್ತಾರೆ. ಶಿಕ್ಷಕರಿಗೆ ಇಲ್ಲದ ಧೈರ್ಯವನ್ನು ಮಕ್ಕಳಿಂದ ಕೇಳುವುದು ಅನ್ಯಾಯ. ಈ ಅಕ್ಕೋರು ಕಂಡುಕೊಂಡ ದಾರಿ ಸರಳವಾದದ್ದು. ಮರುದಿನ ತರಗತಿಯಲ್ಲಿ ಆಡಬೇಕಾದ ಹತ್ತು ಹನ್ನೆರಡು ವಾಕ್ಯಗಳನ್ನು ಹಿಂದಿನ ರಾತ್ರಿ ಬರೆದುಕೊಂಡು, ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡುವುದು. ‘ಓಪನ್ ಯುವರ್ ಬುಕ್ಸ್’, ‘ಹೂ ವಾಂಟ್ಸ್ ಟು ಟ್ರೈ?’, ‘ಸೇ ಇಟ್ ಅಗೇನ್’. ತಿಂಗಳೊಪ್ಪತ್ತಿನಲ್ಲಿ ಮಕ್ಕಳು ಆ ವಾಕ್ಯಗಳಿಗೆ ಕನ್ನಡ ಕೇಳುವುದನ್ನು ಬಿಟ್ಟರಂತೆ.

ಹುಕ್ಕೇರಿಯ ಚಿತ್ರ ಬೇರೆ. ಪೇಟೆಯ ಅಂಚಿಗೆ ಆದಿಲ್‌ಶಾಹಿ ಕಾಲದ ಗುಮ್ಮಟಗಳು, ಅವುಗಳ ನೆರಳಿನಲ್ಲಿ ಕಟ್ಟಿದ ಮೇಕೆ, ಒಣಹಾಕಿದ ಬಟ್ಟೆ. ಓಣಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಕನ್ನಡ. ಹೆದ್ದಾರಿಯ ಮೇಲಿನ ಸಂಕೇಶ್ವರಕ್ಕೆ ಹೋದರೆ ಮರಾಠಿಯೂ ಅಷ್ಟೇ ಸಲೀಸು, ಗಡಿಯಾಚೆಯ ಗಡಹಿಂಗ್ಲಜದ ಬಸ್ಸಿನಿಂದ ಇಳಿದವರು ಮೆಣಸಿನಕಾಯಿ ಚೌಕಾಸಿಯನ್ನು ಎರಡೂ ಭಾಷೆಯಲ್ಲಿ ಮಾಡುತ್ತಾರೆ. ಇಂಥ ಊರಿನ ಕನ್ನಡ ಸಾಲಿಯ ಒಂದು ಬೆಂಚು: ಒಂದು ತುದಿಗೆ ಮನೆಯಲ್ಲಿ ಉರ್ದು ಆಡುವ ಹುಡುಗಿ, ನಡುವೆ ಕನ್ನಡದವಳು, ಇನ್ನೊಂದು ತುದಿಗೆ ಮರಾಠಿಯವಳು. ಗೋಕಾಕದ ಮಗುವಿಗೆ ಇಂಗ್ಲಿಷ್ ಎರಡನೆಯ ಭಾಷೆಯಾದರೆ ಈ ತುದಿಗಳವರಿಗೆ ಮೂರನೆಯದು, ಆರನೆಯ ತರಗತಿಗೆ ಬಂದರೆ ಹಿಂದಿ ಸೇರಿ ನಾಲ್ಕು.

‘ಕನ್ನಡದಲ್ಲಿ ಹೇಳಿ ತಿಳಿಸು’ ಎನ್ನುವ ಉಪಾಯ ಇಲ್ಲಿ ಮೂವರಲ್ಲಿ ಒಬ್ಬಳಿಗೆ ಮಾತ್ರ ಪೂರ್ತಿ ದಕ್ಕುತ್ತದೆ. ಈ ಶಾಲೆಯ ಅಕ್ಕೋರಿಗೆ ಅದು ಅರಿವಾದದ್ದು ಉರ್ದು ಮನೆಯ ಹುಡುಗಿ ಇಂಗ್ಲಿಷ್ ಪದಕ್ಕೆ ಕೊಟ್ಟ ಕನ್ನಡವನ್ನೂ ತಿಳಿಯದೆ ಎರಡನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದುದನ್ನು ಕಂಡಾಗ. ಅಂದಿನಿಂದ ಗೋಡೆಯ ಮೇಲೆ ದೊಡ್ಡ ಹಾಳೆ. ವಾರದ ಪದಗಳಿಗೆ ಚಿತ್ರ, ಚಿತ್ರದ ಕೆಳಗೆ ಇಂಗ್ಲಿಷ್, ಸುತ್ತಲೂ ಮಕ್ಕಳು ತಮ್ಮ ತಮ್ಮ ಮನೆಯ ಮಾತು ಬರೆಯಲು ಖಾಲಿ ಜಾಗ. ಮನೆಯ ಮಾತು ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಗೆಳತಿ ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತಾಳೆ. ಪಾಠದ ಆರಂಭದಲ್ಲಿ ಎರಡು ನಿಮಿಷ ಜೋಡಿ ಮಾತು, ಯಾವ ಭಾಷೆಯಲ್ಲಾದರೂ ಸರಿ. ಆಮೇಲೆ ಇಂಗ್ಲಿಷಿನಲ್ಲಿ ಹೇಳಲು ಗೋಡೆಯ ಮೇಲೆ ಅರ್ಧ ವಾಕ್ಯಗಳ ಆಸರೆ: ‘ಐ ಲೈಕ್... ಬಿಕಾಸ್...’, ‘ಐ ಥಿಂಕ್...’. ಉಳಿದ ಅರ್ಧ ಮಗುವಿನದು.

ಇನ್ನೊಂದು ಸಂಗತಿ ಈ ಕೋಣೆಯಲ್ಲಿ ಕಣ್ಣಿಗೆ ಬಿತ್ತು. ಪ್ರಶ್ನೆ ಕೇಳಿದ ಮೇಲೆ ಅಕ್ಕೋರು ಸುಮ್ಮನಿರುತ್ತಾರೆ. ನಿಜವಾಗಿ ಸುಮ್ಮನೆ. ಕಿಟಕಿಯ ಹೊರಗೆ ಯಾರೋ ಕೊಡ ತುಂಬಿಸುವ ಸದ್ದು ಕೇಳುವಷ್ಟು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ ಎಂದು ಕಂಡುಬಂತು. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಎಂದೂ ಕೈ ಎತ್ತದವರೂ ಎತ್ತುತ್ತಾರೆ. ಅದು ತಮ್ಮ ಭಾಷೆಯಲ್ಲೇ ಕಲಿಯುತ್ತಿದ್ದವರ ಕಥೆ. ಇಂಗ್ಲಿಷ್ ಪ್ರಶ್ನೆಯನ್ನು ಕನ್ನಡಕ್ಕೆ, ಕನ್ನಡದಿಂದ ಉರ್ದುವಿಗೆ ಒಯ್ದು, ಉತ್ತರ ಹುಡುಕಿ, ಬಂದ ದಾರಿಯಲ್ಲೇ ವಾಪಸು ತರಬೇಕಾದ ಹುಡುಗಿಗೆ ಎಷ್ಟು ಸೆಕೆಂಡು ಬೇಕು? ‘ಬೇಗ ಬೇಗ ಹೇಳು’ ಎನ್ನುವ ತರಗತಿಯಲ್ಲಿ ಅವಳು ದಡ್ಡಿ ಎನಿಸಿಕೊಳ್ಳುತ್ತಾಳೆ, ಅಷ್ಟೆ.

ಮಗುವಿಗೆ ತಿಳಿಯದ ಭಾಷೆಯ ತರಗತಿಯಲ್ಲಿ ಮಗುವನ್ನು ಕೂರಿಸಿ, ಎಲ್ಲರಿಗೂ ಒಂದೇ ಪುಸ್ತಕ ಒಂದೇ ಪಾಠ ಕೊಟ್ಟಿದ್ದೇವಲ್ಲ ಎಂದರೆ ಅದು ಸಮಾನತೆಯಾಗುತ್ತದೆಯೇ? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮನೆತನದ ಮಕ್ಕಳು ಯಾವ ನೆರವೂ ಇಲ್ಲದೆ ಇಂಗ್ಲಿಷ್ ತರಗತಿಗಳಲ್ಲಿ ಕುಳಿತಿದ್ದರು. 1974ರ ಲಾವ್ ಪ್ರಕರಣದಲ್ಲಿ ಕೋರ್ಟು, ಅದು ಸಮಾನ ಶಿಕ್ಷಣವಲ್ಲ ಎಂದು ಹೇಳಿತು. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ತರಗತಿಯಲ್ಲಿ ಹೇಗೆ ಆಸರೆಯಾಗಬೇಕು ಎಂಬ ಅಲ್ಲಿಯ ಶಾಸ್ತ್ರ ಬೆಳೆಯಲು ಆ ತೀರ್ಪು ದೊಡ್ಡ ಒತ್ತು ಕೊಟ್ಟಿತು.

ಆದರೆ ಆ ಶಾಸ್ತ್ರವನ್ನು ಹಾಗೆಯೇ ತಂದು ಇಲ್ಲಿ ಹರವಿದರೆ ಆಗದು. ಅಲ್ಲಿಯ ಮಗು ಶಾಲೆಯ ಬಾಗಿಲು ದಾಟಿದರೆ ಬೀದಿ, ಅಂಗಡಿ, ಟಿವಿ ಎಲ್ಲ ಇಂಗ್ಲಿಷ್. ಅದರ ಕಷ್ಟವೆಂದರೆ ಶಿಕ್ಷಕಿಗೆ ಅದರ ಭಾಷೆ ಬಾರದು. ಮೂಡಲಗಿಯ ಮಗುವಿಗೆ ಇಂಗ್ಲಿಷ್ ಕೇಳಿಸುವುದು ಆ ನಲವತ್ತು ನಿಮಿಷದಲ್ಲಿ ಮಾತ್ರ. ಆದರೆ ಅದರ ಶಿಕ್ಷಕಿ ಅದರ ಅವ್ವ ಆಡುವ ಭಾಷೆಯನ್ನೇ ಆಡುತ್ತಾಳೆ. ಅಮೆರಿಕದ ಶಿಕ್ಷಕಿಗೆ ಇಲ್ಲದ ಸಂಪತ್ತು ಇದು. ನಾವು ಅದನ್ನು ನಾಚಿಕೆಯ ವಿಷಯವೆಂದು ಬಗೆದು, ಇನ್‌ಸ್ಪೆಕ್ಷನ್ ಬಂದಾಗ ಮುಚ್ಚಿಡುತ್ತೇವೆ.

2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ಅಲ್ಲಿ ಗಣಿತವೂ, ಪರಿಸರ ಅಧ್ಯಯನವೂ ಇಂಗ್ಲಿಷಿನಲ್ಲೇ. ಲಾವ್ ಪ್ರಕರಣದ ಪ್ರಶ್ನೆ ಈಗ ನಮ್ಮ ಅಂಗಳದಲ್ಲಿದೆ. ಪುಣ್ಯಕ್ಕೆ ಅವರಿಗೆಂದು ಮಾಡಿದ ಪುಸ್ತಕಗಳಲ್ಲಿ ಎರಡೂ ಭಾಷೆಗಳನ್ನು ಅಕ್ಕಪಕ್ಕ ಇಡುವ ವಿವೇಕ ತೋರಿದರು. ಪುಸ್ತಕದ ಮಟ್ಟಿಗೆ ಬಂದ ಆ ವಿವೇಕ ಶಿಕ್ಷಕರ ತಯಾರಿಯಲ್ಲೂ ಬಂದರೆ ಸಾಕು. ಮಾಧ್ಯಮದ ಜಗಳ ಇಲ್ಲಿ ಬೇಡ. ತಾಯ್ನುಡಿಯ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಆ ಜಗಳ ಬೀದಿಯಲ್ಲಿ ಉಳಿದಿದೆ. ಮಗು ಮಾತ್ರ ಯಾವ ಮಾಧ್ಯಮದ ಬೋರ್ಡು ತೂಗಿದ್ದರೂ ಮನೆಯ ಮಾತಿನಿಂದಲೇ ಯೋಚಿಸಲು ತೊಡಗುತ್ತದೆ.

ಮೂರೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಜನವರಿಯ ನಂತರ ಕಾಣುವ ಚಿತ್ರ ಒಂದೇ, ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ‘ಪಾಸಿಂಗ್ ಪ್ಯಾಕೇಜ್’ ಎಂಬ ಜೆರಾಕ್ಸ್ ಹಾಳೆಗಳು, ರಾತ್ರಿಯ ಓದು, ತಲೆ ತೂಗುತ್ತ ಬಾಯಿಪಾಠವಾಗುವ ಪತ್ರಗಳು, ಯಾವ ಊರಿನವನೆಂದು ಗೊತ್ತಿಲ್ಲದ ಗೆಳೆಯನಿಗೆ ಬರೆದವು. 100 ಅಂಕದ ಇಂಗ್ಲಿಷಿನಲ್ಲಿ ದಾಟಿಹೋಗುವುದಕ್ಕೆ ಇಷ್ಟು ಸಾಕಾಗುತ್ತದೆ ಎನ್ನುವುದೇ ಬೇಸರದ ಸಂಗತಿ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪುಸ್ತಕದಲ್ಲಿ ವಿ.ಕೃ. ಗೋಕಾಕರ ‘ದಿ ಸಾಂಗ್ ಆಫ್ ಇಂಡಿಯಾ’ ಎಂಬ ಕವಿತೆ ಇದೆ. ತಮ್ಮ ಊರಿನ ಹೆಸರು ಪುಸ್ತಕದಲ್ಲಿ ಕಂಡು ಗೋಕಾಕದ ಹುಡುಗರು ಕವಿ ಇಲ್ಲಿಯವರೇ ಎಂದು ಹಿಗ್ಗುತ್ತಾರೆ. ಅದು ಮನೆತನದ ಹೆಸರು, ಅವರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ. ಹುಡುಗರಿಗೆ ಹೇಳಬೇಕಾದದ್ದು ಬೇರೆಯೇ ಇದೆ. ಇಂಗ್ಲಿಷಿನಲ್ಲಿ ಕವಿತೆ ಬರೆದ, ಆಕ್ಸ್‌ಫರ್ಡಿನಲ್ಲಿ ಓದಿದ, ಜೀವಮಾನವಿಡೀ ಇಂಗ್ಲಿಷ್ ಕಲಿಸಿದ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ ಅದೇ ಮನುಷ್ಯ 1981ರಲ್ಲಿ ಕೊಟ್ಟ ವರದಿಯೇ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಮಣೆ ಬೇಕೆಂದದ್ದು, ಅದಕ್ಕಾಗಿ 1982ರಲ್ಲಿ ನಾಡು ಬೀದಿಗಿಳಿದದ್ದು. ಎರಡು ಭಾಷೆಯನ್ನೂ ತಲೆ ಎತ್ತಿ ಬಳಸಿದವರಿಗೆ ಅವುಗಳ ನಡುವೆ ಜಗಳ ಕಾಣಲಿಲ್ಲ. ಈ ಮಾತು ಪಾಸಿಂಗ್ ಪ್ಯಾಕೇಜಿನಲ್ಲಿ ಇರುವುದಿಲ್ಲ.

ಆಗಸ್ಟ್ 2019ರ ನೆರೆಯಲ್ಲಿ ಗೋಕಾಕದ ತಗ್ಗು ಓಣಿಗಳಿಗೆ ನೀರು ನುಗ್ಗಿ ಮನೆಗಳ ಜೊತೆ ಪುಸ್ತಕ, ನೋಟುಬುಕ್ಕುಗಳೂ ಕೊಚ್ಚಿಹೋದವು. ಪಠ್ಯಪುಸ್ತಕ ಮತ್ತೆ ಬಂತು. ಕಥೆಪುಸ್ತಕ ಎಷ್ಟೋ ಶಾಲೆಗಳಲ್ಲಿ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಇಂಗ್ಲಿಷ್ ತಾಸಿಗೆ ಸ್ಮಾರ್ಟ್ ಬೋರ್ಡಿಗಿಂತ ಮೊದಲು ಬೇಕಾದದ್ದು ಒಂದು ಕಪಾಟು ತುಂಬ ತೆಳ್ಳನೆಯ ಚಿತ್ರಕಥೆಗಳು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದೇ ಕಥೆ. ಕಪಾಟಿಗೆ ಬೀಗ ಹಾಕದೆ ಇಡಬೇಕು, ಹರಿದರೆ ಹರಿಯಲಿ.

ನಿಮ್ಮ ಊರಿನ ಶಾಲೆಯ ಎಸ್‌ಡಿಎಂಸಿ ಸಭೆಗೆ ಮುಂದಿನ ಸಲ ಹೋದಾಗ ಕಾಂಪೌಂಡಿನ ಮಾತು ಮುಗಿದ ಮೇಲೆ ಆ ಕಪಾಟಿನ ಮಾತು ಎತ್ತಿ. ಇಂಗ್ಲಿಷ್ ಕಲಿಸುವ ಅಕ್ಕೋರನ್ನು ಒಂದು ತರಬೇತಿಗೆ ಕಳಿಸಿದಾಗ ಉಳಿದ ತರಗತಿಗಳನ್ನು ನೋಡಿಕೊಳ್ಳುವವರು ಯಾರೆಂದು ಕೇಳಿ. ಸಂಜೆ ಮಗಳು ಸಾಲಿಯಿಂದ ಬಂದಾಗ ನೆಂಟರ ಮುಂದೆ ನಿಲ್ಲಿಸಿ, ‘ಇಂಗ್ಲಿಷಿನ್ಯಾಗ ಏನರ ಮಾತಾಡ ನೋಡೂಣು’ ಎನ್ನಬೇಡಿ. ಇವತ್ತು ಯಾವ ಕಥೆ ಕೇಳಿದೆ ಎಂದು ನಿಮ್ಮ ಮಾತಿನಲ್ಲೇ ಕೇಳಿ, ಪೂರ್ತಿ ಹೇಳುವವರೆಗೂ ನಡುವೆ ಬಾಯಿ ಹಾಕಬೇಡಿ.